ಆಸ್ಪತ್ರೆಗೆ ಮಾನ್ಯತೆ: ಪ್ರಮಾಣಪತ್ರದಿಂದ ಆರೈಕೆಯವರೆಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ ಹೊಯ್ದ ಬಿಡಿಭಾಗವು ಅಳತೆ, ದೋಷಪರೀಕ್ಷೆ, ದಾಖಲೆಗಳ ಹಂತ ದಾಟಿದ ಮೇಲಷ್ಟೇ ಗ್ರಾಹಕರ ಕೈ ಸೇರಬೇಕೆಂಬುದು ಗುಣಮಟ್ಟದ ನಿಯಮ. ಅಲ್ಲಿನ ಕಾರ್ಮಿಕರೂ ಖಾನಾಪುರದ ಕಾಡಂಚಿನ ಗರ್ಭಿಣಿಯರೂ ನಂಬಿ ಬರುವ ಆಸ್ಪತ್ರೆಗಳಲ್ಲಿ ಇಂಥದೇ ಶಿಸ್ತು ಇದೆಯೇ ಎಂಬುದನ್ನು ನಿಗದಿತ ಮಾನದಂಡಗಳಿಗೆ ಅನುಗುಣವಾಗಿ ಹೊರಗಿನ ತಜ್ಞರು ಪರಿಶೀಲಿಸಿ ದೃಢೀಕರಿಸುವ ವ್ಯವಸ್ಥೆಗೆ ಮಾನ್ಯತೆ ಎನ್ನುತ್ತಾರೆ.

ಭಾರತೀಯ ಗುಣಮಟ್ಟ ಮಂಡಳಿಯ ಅಂಗವಾದ ಎನ್‌ಎಬಿಎಚ್ ಆಸ್ಪತ್ರೆಗಳಿಗೆ ಇಂಥ ಮಾನ್ಯತೆ ನೀಡುತ್ತದೆ. ಸರ್ಕಾರಿ ಆಸ್ಪತ್ರೆಗಳಿಗಾಗಿ ಎನ್‌ಕ್ಯೂಎಎಸ್ ಎಂಬ ರಾಷ್ಟ್ರೀಯ ಮಾನದಂಡಗಳು 2013ರಲ್ಲಿ ಬಂದವು, 2017ರಲ್ಲಿ ಹೆರಿಗೆ ಕೋಣೆ ಮತ್ತು ಹೆರಿಗೆ ಶಸ್ತ್ರಚಿಕಿತ್ಸಾ ಕೋಣೆಗಳಿಗೆಂದೇ ‘ಲಕ್ಷ್ಯ’ ಕಾರ್ಯಕ್ರಮ ಆರಂಭವಾಯಿತು. ಎನ್‌ಕ್ಯೂಎಎಸ್ ಪರಿಶೀಲಕರು ಕಡತ ನೋಡಿ ತೃಪ್ತರಾಗುವುದಿಲ್ಲ. ಕಣ್ಣಾರೆ ಗಮನಿಸುತ್ತಾರೆ, ಸಿಬ್ಬಂದಿಯನ್ನೂ ರೋಗಿಗಳನ್ನೂ ಮಾತನಾಡಿಸುತ್ತಾರೆ. ಕೈ ತೊಳೆಯುವ ಕ್ರಮವನ್ನು ಗೋಡೆಗೆ ಅಂಟಿಸಿದರೆ ಸಾಲದು, ಶುಶ್ರೂಷಕಿ ಅದನ್ನು ಮಾಡಿ ತೋರಿಸಬೇಕು. ನವಜಾತ ಶಿಶುವಿಗೆ ಉಸಿರು ತುಂಬುವ ಚೀಲ ದಾಸ್ತಾನಿನ ಪಟ್ಟಿಯಲ್ಲಿದ್ದರೆ ಸಾಲದು, ಹೆರಿಗೆ ಮಂಚದ ಬಳಿಯಲ್ಲೇ ಸಿದ್ಧವಿರಬೇಕು.

ಆರೈಕೆಯ ಗುಣಮಟ್ಟವನ್ನು ಸೌಕರ್ಯ, ಕಾರ್ಯವಿಧಾನ, ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ಅಳೆಯಬೇಕೆಂದು ಆರೋಗ್ಯಸೇವೆಯ ಸಂಶೋಧಕ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಪ್ರತಿಪಾದಿಸಿದರು. ಮಾನ್ಯತೆ ಬಯಸುವಂಥ ಕ್ರಮಪಾಲನೆ ಫಲಿತಾಂಶವನ್ನು ಎಷ್ಟು ಬದಲಿಸುತ್ತದೆ ಎಂಬಲ್ಲಿ ಅದರ ಬಲವೂ ಮಿತಿಯೂ ಸ್ಪಷ್ಟವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪರಿಶೀಲನಾ ಪಟ್ಟಿಯನ್ನು ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಯೋಗಿಸಿದಾಗ, ಪ್ರತಿ ಹೆರಿಗೆಯಲ್ಲಿ ಪಾಲನೆಯಾಗುತ್ತಿದ್ದ ಅಗತ್ಯ ಕ್ರಮಗಳು 29ರಲ್ಲಿ ಸರಾಸರಿ 10ರಿಂದ 25ಕ್ಕೆ ಏರಿದವೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಆದರೆ ಇದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಕೇಂದ್ರಗಳ ದೊಡ್ಡ ಅಧ್ಯಯನದಲ್ಲಿ ಬಳಸಿದಾಗ ಪಾಲನೆ ಸುಧಾರಿಸಿತೇ ಹೊರತು, ತಾಯಿ-ಮಕ್ಕಳ ಸಾವು ಮತ್ತು ತಾಯಂದಿರ ತೀವ್ರ ತೊಡಕುಗಳಲ್ಲಿ ಗಣನೀಯ ಇಳಿಕೆ ಕಾಣಲಿಲ್ಲವೆಂಬುದು 2017ರಲ್ಲಿ ತಿಳಿದುಬಂತು. ಕ್ರಮಪಾಲನೆ ಅನಿವಾರ್ಯ, ಆದರೆ ನುರಿತ ಕೈಗಳು, ರಕ್ತದ ಲಭ್ಯತೆ, ಸಕಾಲದ ಶಸ್ತ್ರಚಿಕಿತ್ಸೆ ಇಲ್ಲದೆ ಅದೊಂದೇ ಜೀವ ಉಳಿಸಲಾರದು.

ಆದ್ದರಿಂದ ಮಾನ್ಯತೆಯನ್ನು ಪರಿಶೀಲಕರು ಬರುವ ವಾರದ ಸಿದ್ಧತೆಯೆಂದು ಬಗೆಯುವ ಆಸ್ಪತ್ರೆಗೆ ದಕ್ಕುವುದು ಗೋಡೆಗೆ ತೂಗುಹಾಕುವ ಪತ್ರ ಮಾತ್ರ. ಸೋಂಕು, ಔಷಧದ ತಪ್ಪು, ತಡವಾದ ರೆಫರಲ್‌ಗಳನ್ನು ತಿಂಗಳು ತಿಂಗಳು ಎಣಿಸಿ, ಯಾರನ್ನೂ ದೂಷಿಸದೆ ಕಾರಣ ಹುಡುಕುವ ಆಸ್ಪತ್ರೆಗೆ ಅದು ನಿಜವಾದ ಸುಧಾರಣೆಯ ಸಾಧನವಾಗುತ್ತದೆ. ಖಾನಾಪುರದಂಥ ತಾಲೂಕಿನಲ್ಲಿ, ತುರ್ತು ಹೆರಿಗೆಯೊಂದು ಬೆಳಗಾವಿಯ ದಾರಿ ಹಿಡಿಯಬೇಕಾದಾಗ, ಎರಡೂ ಕಡೆಯ ಆಸ್ಪತ್ರೆಗಳ ಸಮನ್ವಯವೇ ತಾಯಿಯ ಗತಿಯನ್ನು ನಿರ್ಧರಿಸುತ್ತದೆ. ಒಂದೊಂದು ಆಸ್ಪತ್ರೆಯನ್ನು ಬಿಡಿಯಾಗಿ ಅಳೆಯುವ ಮಾನದಂಡಗಳು ಈ ಇಡೀ ದಾರಿಯನ್ನೂ ಅಳೆಯುವಂತಾಗಬೇಕು.