ಗೋಡೆಗೇರಿದ ಕೌದಿ

ಹೊದೆಯಲೆಂದು ಹೊಲಿದ ವಸ್ತುವನ್ನು ಗೋಡೆಗೆ ತೂಗುಹಾಕಿದಾಗ ಅದರ ಬೆಲೆಕಟ್ಟುವ ಅಳತೆಗೋಲು ಯಾರದಾಗಿರಬೇಕು, ಹೊಲಿದವಳದೋ ನೋಡುವವರದೋ? 1971ರಲ್ಲಿ ಈ ಪ್ರಶ್ನೆಗೆ ಒಂದು ಖಚಿತವಾದ ರೂಪ ದೊರೆಯಿತು. ಆ ವರ್ಷ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಜೊನಾಥನ್ ಹೋಲ್‌ಸ್ಟೀನ್ ಮತ್ತು ಗೇಲ್ ವಾನ್ ಡರ್ ಹೂಫ್ ಎಂಬಿಬ್ಬರು ತಾವು ಸಂಗ್ರಹಿಸಿದ್ದ ಅಮೆರಿಕದ ಕೌದಿಗಳನ್ನು ವರ್ಣಚಿತ್ರಗಳಂತೆ ಗೋಡೆಯ ಮೇಲೆ ಪ್ರದರ್ಶಿಸಿದರು. (‘ಕ್ವಿಲ್ಟ್’ ಎಂಬುದಕ್ಕೆ ನಾವು ಕೌದಿಯೆಂದೇ ಬರೆಯುತ್ತೇವೆ. ಅದರ ನಡುವೆ ಸಾಮಾನ್ಯವಾಗಿ ಅರಳೆಯ ಪದರವಿರುತ್ತದೆಂಬ ಭೇದವನ್ನು ಬಿಟ್ಟರೆ ಇದಕ್ಕಿಂತ ಹತ್ತಿರದ ಶಬ್ದ ನಮ್ಮಲ್ಲಿಲ್ಲ.)

ಬಣ್ಣ, ರೇಖೆ, ಆಕಾರಗಳ ಹೊಂದಾಣಿಕೆಯೇ ಅವರ ಆಯ್ಕೆಯ ಸೂತ್ರ. ಈ ಪ್ರಯತ್ನವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಮಂಚದ ಮೇಲೆ ಮುದುಡಿ ಬಿದ್ದಿದ್ದ ವಸ್ತುವಿನ ಸಮಗ್ರ ವಿನ್ಯಾಸ ಕಣ್ಣಿಗೆ ಬೀಳಲು ಗೋಡೆ ನಿಜವಾಗಿಯೂ ಬೇಕಾಗಿತ್ತು. ಆದರೆ 1973ರಲ್ಲಿ ಪ್ಯಾಟ್ರೀಷಿಯಾ ಮೈನಾರ್ಡಿ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಎತ್ತಿದ ಆಕ್ಷೇಪವೂ ಅಷ್ಟೇ ಬಲವಾದುದು. ತುಂಡು ಜೋಡಿಸಿದ ಕೌದಿಗಳನ್ನೇ ಸಂಗ್ರಾಹಕರು ಮೆಚ್ಚಿದರು; ಹೊಲಿದ ಹೆಂಗಸರಾದರೋ ಅರಿವೆಯ ಮೇಲೆ ಹೂಬಳ್ಳಿಗಳನ್ನು ಹಚ್ಚಿ ಹೊಲಿದವನ್ನು ತಮ್ಮ ಶ್ರೇಷ್ಠ ಕೃತಿಗಳೆಂದು ಭಾವಿಸಿದ್ದರು. ಆಧುನಿಕ ಚಿತ್ರಕಲೆಯನ್ನು ಹೋಲಿದುದಷ್ಟೇ ಕಲೆಯೆನಿಸಿಕೊಂಡಿತೆಂದರೆ ಅದು ಕೌದಿಗೆ ಸಂದ ಗೌರವವೋ, ಚಿತ್ರಕಲೆಗೆ ಸಂದದ್ದೋ?

2002ರಲ್ಲಿ ಹ್ಯೂಸ್ಟನ್ನಿನಲ್ಲಿ ಮೊದಲಾಗಿ ಅದೇ ವರ್ಷ ವಿಟ್ನಿಗೂ ಬಂದ ಜೀಸ್ ಬೆಂಡ್ ಪ್ರದರ್ಶನ ಈ ಚರ್ಚೆಯನ್ನು ಬೇರೊಂದು ನೆಲೆಗೆ ತಂದಿತು. ಜೀಸ್ ಬೆಂಡ್ ಅಲಬಾಮಾ ನದಿಯ ತಿರುವಿನಲ್ಲಿರುವ ಊರು. ಅಲ್ಲಿನವರು ಬಹುಪಾಲು ಗುಲಾಮರಾಗಿದ್ದ ಕಪ್ಪುಜನರ ಸಂತತಿಯವರು. ಒಡೆಯನ ಮನೆತನದ ಹೆಸರಾದ ಪೆಟ್‌ವೇ ಇಂದಿಗೂ ಅನೇಕರ ಹೆಸರಿನಲ್ಲುಳಿದಿದೆ. ಇಲ್ಲಿ ಕೌದಿಗಳೊಡನೆ ಹೊಲಿದವರ ಹೆಸರುಗಳೂ ಬಂದುವು. ಮಿಸೌರಿ ಪೆಟ್‌ವೇ 1942ರಲ್ಲಿ ಹೊಲಿದ ಕೌದಿಯನ್ನೇ ನೋಡೋಣ. ತೀರಿಕೊಂಡ ಗಂಡನ ದುಡಿಮೆಯ ಬಟ್ಟೆಗಳನ್ನೇ ಕತ್ತರಿಸಿ, ಅವನ ನೆನಪನ್ನು ಹೊದ್ದು ಮಲಗುವುದಕ್ಕಾಗಿ ಆಕೆ ಅದನ್ನು ಮಾಡಿದಳೆಂಬುದು ಮಗಳು ಅರ್ಲೋಂಜಿಯಾ ಹೇಳಿದ ಸಂಗತಿ. ಈ ಮಾತನ್ನು ತಿಳಿದ ಮೇಲೆ ಅದರ ಮಾಸಿದ ಬಣ್ಣಗಳನ್ನು ‘ಸಂಯಮದ ವರ್ಣಯೋಜನೆ’ ಎಂದು ಹೊಗಳಲು ನಾವು ಸಂಕೋಚಪಡುತ್ತೇವೆ. ಹಾಗೆಂದು, ಕರುಣೆಯೇ ಕಲೆಯೆಂದೂ ಹೇಳುವಂತಿಲ್ಲ. ದುಃಖ ಎಲ್ಲ ವಿಧವೆಯರಿಗೂ ಉಂಟು; ಆ ಪಟ್ಟಿಗಳನ್ನು ಹಾಗೆ ಜೋಡಿಸಿದ ಕಣ್ಣು ಎಲ್ಲರಿಗೂ ಇಲ್ಲ. ಸಂಗತಿಯೂ ವಿನ್ಯಾಸವೂ ಒಂದರ ಕೈಯನ್ನೊಂದು ಬಿಡದಿರುವ ಇಂಥ ಕಡೆಯಲ್ಲಿಯೇ ವಿಮರ್ಶೆಗೆ ನಿಜವಾದ ಕೆಲಸ.

2009ರಲ್ಲಿ ಹುಟ್ಟಿದ ‘ಮಾಡರ್ನ್ ಕ್ವಿಲ್ಟ್ ಗಿಲ್ಡ್’ 2013ರಿಂದ ಸಾಮೂಹಿಕ ಪ್ರದರ್ಶನಗಳನ್ನು ನಡೆಸುತ್ತಿದೆ. ಅಚ್ಚಬಣ್ಣ, ವಿಶಾಲವಾದ ಬರಿಜಾಗ, ಓರೆಕೋರೆಯ ಜೋಡಣೆ ಇವರ ಲಕ್ಷಣ. ಇವರಲ್ಲಿ ಅನೇಕರಿಗೆ ಜೀಸ್ ಬೆಂಡ್ ಒಂದು ಸ್ಫೂರ್ತಿ. ಆದರೆ ಅಲ್ಲಿ ಬಟ್ಟೆಯ ಅಭಾವದಿಂದ ಒದಗಿದ ಓರೆ ಇಲ್ಲಿ ಹೊಸ ಬಟ್ಟೆಯನ್ನು ಕೊಂಡು ತಂದುಕೊಂಡ ಓರೆ. ಇದು ದೋಷವಲ್ಲ; ಋಣವನ್ನು ಒಪ್ಪಿಕೊಳ್ಳದಿದ್ದರೆ ದೋಷವಾಗುತ್ತದೆ.

ಪ್ರಶ್ನೆ ದೂರದೇಶದ್ದೆಂದು ನಾವು ಸುಮ್ಮನಿರುವಂತಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದುವು. ಹೆನ್ರಿ ಡ್ರೂವಲ್ ಅವರು ಇವನ್ನು ಕುರಿತು ನಡೆಸಿದ ಅಧ್ಯಯನ ಉಪಯುಕ್ತವಾದುದು. ಸಿದ್ದಿ ಹೆಂಗಸು ಅಂಚಿನಿಂದ ಹೊಲಿಗೆಯನ್ನಾರಂಭಿಸಿ ಸುತ್ತುಸುತ್ತಾಗಿ ನಡುವಿಗೆ ಬರುತ್ತಾಳೆ; ಬಟ್ಟೆಯನ್ನು ಹಲವು ಪದರವಾಗಿ ಮಡಚಿದ ತ್ರಿಕೋನವಾದ ‘ಫುಲ’ವನ್ನು ಮೂಲೆಗಳಲ್ಲಿ ಕೂಡಿಸಿದ ಹೊರತು ಅವಳ ಕೌದಿ ಮುಗಿಯಿತೆಂದಲ್ಲ. ಗೋಡೆಯೆದುರು ನಿಂತ ಪ್ರೇಕ್ಷಕನ ದೃಷ್ಟಿಯಾದರೋ ನಡುವಿನಲ್ಲಿ ನೆಲಸುತ್ತದೆ. ಅಂಗೈಯಷ್ಟೂ ಇಲ್ಲದ ಆ ಫುಲ ದೂರದಿಂದ ಕಾಣುವುದೇ ಕಷ್ಟ. ಮೈನಾರ್ಡಿಯವರ ಆಕ್ಷೇಪ ಇಲ್ಲಿಗೂ ಸಲ್ಲುತ್ತದೆ. ಮುಂದೆ ನಮ್ಮ ಕಡೆ ಇಂಥ ಪ್ರದರ್ಶನವನ್ನು ಏರ್ಪಡಿಸುವವರು ಹೊಲಿದವಳ ಹೆಸರು, ಊರುಗಳನ್ನು ಬರೆಯುವುದರ ಜೊತೆಗೆ ಒಂದೆರಡು ಕೌದಿಗಳನ್ನಾದರೂ ತಗ್ಗಿನ ಮಂಚದ ಮೇಲೆ, ಒಂದು ಮೂಲೆಯನ್ನು ಮಗುಚಿ, ಹಾಸಿಡಲಿ.