ಲೂಸಿಯಾ: ಕೌತುಕವು ಕರುಣವಾದ ಬಗೆ

ಗುಟ್ಟು ಬಯಲಾದೊಡನೆ ರುಚಿಗೆಡುವ ಕಥೆಯು ಒಗಟಿಗೆ ಸಮಾನ; ಗುಟ್ಟು ತಿಳಿದ ಬಳಿಕವೂ ಉಳಿಯುವುದೇ ರಸ. ಪವನ್ ಕುಮಾರರು ಪ್ರೇಕ್ಷಕರಿಂದಲೇ ಹಣ ಕೂಡಿಸಿ 2013ರಲ್ಲಿ ಹೊರತಂದ ‘ಲೂಸಿಯಾ’ ಎಂಬ ಕನ್ನಡ ಚಿತ್ರಪಟವು, ವಿಜ್ಞಾನಕಥೆಯ ಕೌತುಕವು ರಸವಾಗಬಲ್ಲುದೆಂಬುದಕ್ಕೆ ನಿದರ್ಶನವಾಗಿದೆ.

ಚಿತ್ರಮಂದಿರದಲ್ಲಿ ಬ್ಯಾಟರಿ ಬೆಳಕು ಹಿಡಿದು ಆಸನ ತೋರಿಸುವ ನಿಕ್ಕಿಗೆ ನಿದ್ರೆಯಿಲ್ಲ. ಒಂದು ಗುಳಿಗೆಯನ್ನು ನುಂಗಲು, ಬಯಸಿದ ಬಾಳು ಕನಸಾಗಿ ಇರುಳಿನಿಂದ ಇರುಳಿಗೆ ಮುಂದುವರಿಯುತ್ತದೆ. ಅಲ್ಲಿ ಅವನು ಹೆಸರಾಂತ ನಟ. ಎಚ್ಚರದ ಬಡತನಕ್ಕೆ ಬಣ್ಣ, ಕನಸಿನ ಸಿರಿಗೆ ಕಪ್ಪುಬಿಳುಪು! ಈ ವೈಪರೀತ್ಯವನ್ನು ಕಂಡೂ ನಾವು ಶಂಕಿಸುವುದಿಲ್ಲ. ಕಡೆಗೆ ನಟನೇ ನಿಜ, ನಿಕ್ಕಿಯೇ ಕನಸು ಎಂದು ತಿಳಿಯುತ್ತದೆ. ನಿರ್ವಹಣಸಂಧಿಯಲ್ಲಿ ಅದ್ಭುತವಿರಬೇಕೆಂಬ ಭರತಮುನಿಯ ವಿಧಿಯು ಇಲ್ಲಿ ಸಾರ್ಥಕವಾಗಿದೆ.

ಜಾಗ್ರತ್ಸ್ವಪ್ನಗಳೆರಡೂ ಸಮವೆಂದು ಗೌಡಪಾದರು ಮಾಂಡೂಕ್ಯಕಾರಿಕೆಯಲ್ಲಿ ಸಾಧಿಸಿದರು. ಈ ಕಥೆಯ ಒಲವಾದರೋ ತತ್ತ್ವಕ್ಕಿಂತ ಮನುಷ್ಯನ ಕಡೆಗೆ ಹೆಚ್ಚು. ಎಲ್ಲವನ್ನೂ ಪಡೆದವನು ಕನಸಿನಲ್ಲಿ ಬೇಡಿದ ಸ್ವರ್ಗ ಯಾವುದು? ಒಂದು ಸಣ್ಣ ಕೆಲಸ, ನಾಲ್ಕು ಮಂದಿ ಆಪ್ತರು, ಪಿಜ್ಜಾ ಅಂಗಡಿಯಲ್ಲಿ ದುಡಿಯುವ ಹುಡುಗಿಯೊಬ್ಬಳ ಪ್ರೀತಿ! ಇದನ್ನರಿತು ಮರಳಿ ನೋಡುವಾಗ ನಿಕ್ಕಿಯ ಒಂದೊಂದು ನಗೆಯೂ ನಟನ ಒಂಟಿತನವನ್ನು ನೆನಪಿಸಿ ಎದೆಯನ್ನು ಕಲಕುತ್ತದೆ.

ದೋಷಗಳಿಲ್ಲದಿಲ್ಲ. ಪೊಲೀಸರ ಶೋಧನೆಯ ಭಾಗವು ತುಂಡುತುಂಡಾಗಿದೆ; ಗುಳಿಗೆಯ ವಿಜ್ಞಾನವೂ ತೆಳುವಾದುದು. ಆದರೂ ಸತೀಶ್ ನೀನಾಸಂ ಅವರ ಅಭಿನಯವು ಎರಡು ಬಾಳುಗಳನ್ನೂ ನಂಬಿಸುತ್ತದೆ. ಈಗಾಗಲೇ ನೋಡಿರುವ ವಾಚಕರು, ಗುಟ್ಟು ತಿಳಿದಿದೆಯೆಂದು ಬಿಡದೆ, ಕರುಣಕ್ಕಾಗಿಯೇ ಇನ್ನೊಮ್ಮೆ ಮನೆಮಂದಿಯೊಡನೆ ನೋಡುವುದು ಯೋಗ್ಯ.