ದ್ವೀಪದ ತರಗತಿಯಲ್ಲಿ ಇಂಗ್ಲಿಷಿಗೇನು ಕೆಲಸ?

ದ್ವೀಪಗಳಿಗೆ ಹೋಗಿ ಸೇವಾಸಂಸ್ಥೆ ಕಟ್ಟುವವರ ಕೈಯಲ್ಲಿ ಬಹುಮಟ್ಟಿಗೆ ಎರಡೇ ಕಾರ್ಯಕ್ರಮಗಳಿರುತ್ತವೆ: ಮಕ್ಕಳಿಗೆ ಇಂಗ್ಲಿಷ್, ಊರಿಗೆ ಪರಿಸರ ಪಾಠ. ಇಂಡೊನೇಷ್ಯಾದಿಂದ ಫಿಲಿಪ್ಪೀನ್ಸ್‌ವರೆಗೆ ಈ ಜೋಡಿ ಕಾಣಸಿಗುತ್ತದೆ. ಇದಕ್ಕೆ ಕೊಡುವ ಕಾರಣ ಸರಳ. ಇಂಗ್ಲಿಷ್ ಬಂದರೆ ರೆಸಾರ್ಟಿನಲ್ಲಿ ಕೆಲಸ, ಕಡಲತೀರ ಚೊಕ್ಕಟವಾಗಿದ್ದರೆ ಪ್ರವಾಸಿಗರು. ಆದರೆ ಹೇಳದೇ ಬಿಡುವ ಕಾರಣವೂ ಒಂದಿದೆ. ಊರಿನ ಭಾಷೆ ಬಾರದ ಹೊರಗಿನವರು ಮೊದಲ ದಿನದಿಂದಲೇ ಕಲಿಸಬಹುದಾದದ್ದು ಇವೆರಡೇ. ಪಠ್ಯ ನಿಗದಿಯಾಗುವುದು ಕಲಿಯುವವರ ಅಗತ್ಯದಿಂದಲೋ ಕಲಿಸುವವರ ಅನುಕೂಲದಿಂದಲೋ ಎಂಬುದನ್ನು ನೋಡದೆ ಈ ಕೆಲಸವನ್ನು ಅಳೆಯಲಾಗದು.

ಕಲಿಸಲು ಹೊರಡುವವರ ಕಡೆಯಿಂದಲೇ ನೋಡೋಣ. ಜರ್ಮನಿಯ ಹೈಲ್‌ಬ್ರಾನ್ ಜಿಲ್ಲೆಯ ಅಬ್‌ಸ್ಟಾಟ್, ದ್ರಾಕ್ಷಿ ತೋಟಗಳ ನಡುವಿನ ಸಣ್ಣ ಊರು. ಅಂಥ ಊರುಗಳಲ್ಲಿ ಶಾಲೆ ಮುಗಿಸಿದವರು ಒಂದು ವರ್ಷ ಹೊರದೇಶದಲ್ಲಿ ಸೇವೆ ಮಾಡಿ ಬರುವುದು ರೂಢಿಯಲ್ಲಿರುವ ದಾರಿ. ಜರ್ಮನ್ ಸರ್ಕಾರವೇ 2008ರಲ್ಲಿ ಶುರು ಮಾಡಿದ ‘ವೆಲ್ಟ್‌ವೆರ್ಟ್ಸ್’ ಯೋಜನೆ 18ರಿಂದ 28 ವರ್ಷದವರನ್ನು ಹೀಗೆ ಕಳಿಸುತ್ತದೆ. ವಿಮೆ, ವಸತಿ, ಕೈಖರ್ಚು ಯೋಜನೆಯದು. ಅದರ ಜೊತೆಗೆ ತರಬೇತಿ ಶಿಬಿರಗಳು ಕಡ್ಡಾಯ. ಈ ಯೋಜನೆಯ ಮೆಚ್ಚತಕ್ಕ ಗುಣ ಅದರ ಪ್ರಾಮಾಣಿಕತೆ. ತನ್ನದು ಮೊದಲಾಗಿ ಕಲಿಕೆಯ ಸೇವೆ ಎಂದು ಅದು ಒಪ್ಪಿಕೊಂಡಿದೆ. ಇಲ್ಲಿ ಕಲಿಯುವವರು ಬಂದ ಯುವಜನರೇ. 2013ರಿಂದ ನಮ್ಮಂಥ ದೇಶಗಳ ಯುವಜನರೂ ಜರ್ಮನಿಗೆ ಹೋಗಿ ಸೇವೆ ಮಾಡುವ ದಾರಿ ತೆರೆದದ್ದು ಇನ್ನೂ ಒಳ್ಳೆಯದಾಯಿತು.

ಆದರೆ ದ್ವೀಪದ ಮಕ್ಕಳ ಲೆಕ್ಕ ಬೇರೆ. ವರ್ಷಕ್ಕೊಬ್ಬ ಹೊಸ ಮೇಷ್ಟ್ರು ಬಂದರೆ ಹೊಸಬರ ಪಾಠ ಪ್ರತಿವರ್ಷ ಬಣ್ಣಗಳ ಹೆಸರಿನಿಂದಲೇ ಶುರುವಾಗುತ್ತದೆ. ಪರಿಸರ ಪಾಠ ಪ್ಲಾಸ್ಟಿಕ್ ಹೆಕ್ಕುವುದು ಮತ್ತು ಆಮೆಯ ಚಿತ್ರ ಬರೆಯುವುದರಿಂದ ಮುಂದೆ ಹೋಗುವುದು ಕಷ್ಟ.

ಇದಕ್ಕಿಂತ ಭಿನ್ನವಾದ ಕೆಲಸ ನಮ್ಮ ಕಡಲಲ್ಲೇ ಇದೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ಮತ್ತು ಬಿತ್ರ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಅಲ್ಲಿನವರು ತೆಂಗಿನ ನಾರು ತಂದು ಅಕ್ಕಿ ಒಯ್ಯುತ್ತಿದ್ದುದು ಮಂಗಳೂರು ಬಂದರಿನಿಂದ. ಈಗ ಲಕ್ಷದ್ವೀಪಕ್ಕೆ ಕರ್ನಾಟಕದಿಂದ ಹೋಗುವವರಲ್ಲಿ ಪರಿಸರ ಸಂಶೋಧಕರಿದ್ದಾರೆ. ಮೈಸೂರಿನಲ್ಲಿ 1996ರಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅಗತ್ತಿ, ಕಡಮತ್ ಮತ್ತು ಕವರತ್ತಿಗಳ ಹವಳದ ದಿಬ್ಬಗಳನ್ನು ದಶಕಗಳಿಂದ ಗಮನಿಸುತ್ತಿದೆ. 1998, 2010 ಮತ್ತು 2016ರ ಬಿಸಿನೀರಿನ ಹೊಡೆತಗಳಿಗೆ ಸಿಕ್ಕಿ ಜೀವಂತ ಹವಳದ ಹರಹು ಶೇ. 37ರಿಂದ 2022ರ ಹೊತ್ತಿಗೆ ಶೇ. 19ರ ಆಸುಪಾಸಿಗೆ ಇಳಿದಿದೆ ಎಂದು ನಮಗೆ ಗೊತ್ತಾದದ್ದು ಅಷ್ಟು ವರ್ಷ ಬಿಡದೆ ನೋಡಿದ್ದರಿಂದ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಿಡಿದ ಮೀನಿನ ಲೆಕ್ಕವನ್ನು ಮೀನುಗಾರರೇ ಪುಸ್ತಕದಲ್ಲಿ ಬರೆದಿಡುವ ವ್ಯವಸ್ಥೆ ಬೆಳೆಸಿತು.

ಈ ಲೆಕ್ಕದ ಪುಸ್ತಕವನ್ನು ನಾನು ಒಳ್ಳೆಯ ಪರಿಸರ ಪಾಠ ಎನ್ನುತ್ತೇನೆ. ಲಕ್ಷದ್ವೀಪದವರು ಟ್ಯೂನಾ ಹಿಡಿಯುವುದು ಗಾಳದ ಕೋಲಿನಿಂದ. ಹವಳದ ದಿಬ್ಬದೊಳಗಿನ ತಿಳಿನೀರಿನಲ್ಲಿ ಸಣ್ಣ ಎರೆಮೀನು ಹಿಡಿದು, ದೋಣಿಯ ತೊಟ್ಟಿಯಲ್ಲಿ ಅವನ್ನು ಜೀವಂತ ಇಟ್ಟುಕೊಂಡು ಹೊರಗಡಲಿಗೆ ಹೋಗುತ್ತಾರೆ. ಹಿಂಡು ಕಂಡಾಗ ಎರೆ ಚೆಲ್ಲಿ, ಮೇಲೆದ್ದ ಟ್ಯೂನಾವನ್ನು ಒಂದೊಂದಾಗಿ ಎತ್ತಿ ಹಾಕುತ್ತಾರೆ. ಮಿನಿಕಾಯ್‌ನವರ ಈ ವಿದ್ಯೆ 1960ರ ದಶಕದಲ್ಲಿ ಉಳಿದ ದ್ವೀಪಗಳಿಗೂ ಹಬ್ಬಿತು. ಹವಳ ಸತ್ತರೆ ಎರೆಮೀನಿಗೆ ನೆಲೆಯಿಲ್ಲ, ಎರೆಯಿಲ್ಲದೆ ಟ್ಯೂನಾ ಇಲ್ಲ. ಹವಳಕ್ಕೂ ಊಟಕ್ಕೂ ಇರುವ ಈ ನಂಟು ಮೀನುಗಾರನ ಮಗುವಿಗೆ ಮನೆಮಾತಿನಲ್ಲೇ ಗೊತ್ತು. ಆ ಮಾತು ಹೆಚ್ಚಿನ ದ್ವೀಪಗಳಲ್ಲಿ ಜೆಸರಿ, ಮಿನಿಕಾಯ್‌ನಲ್ಲಿ ಮಹಲ್.

ಶಾಲೆ ಈ ಮಾತಿನಿಂದ ದೂರ ಸರಿಯುತ್ತಿದೆ. ಲಕ್ಷದ್ವೀಪ ಆಡಳಿತದ 2023ರ ಡಿಸೆಂಬರಿನ ಆದೇಶ ಒಂದನೇ ತರಗತಿಯಿಂದಲೇ, ಜೆಸರಿಗೆ ಹತ್ತಿರದ ಮಲಯಾಳಂ ಮಾಧ್ಯಮ ಬಿಟ್ಟು ಸಿಬಿಎಸ್‌ಇ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಲು ಹೇಳಿತು. 2025ರಲ್ಲಿ ಮಹಲ್ ಮತ್ತು ಅರಬ್ಬಿಯನ್ನು ಕೈಬಿಡುವ ಆದೇಶಕ್ಕೆ ಕೇರಳ ಹೈಕೋರ್ಟು ತಡೆ ಕೊಡಬೇಕಾಯಿತು. ಇಂಥ ಸ್ಥಿತಿಯಲ್ಲಿ ಸೇವಾಸಂಸ್ಥೆಯೂ ಸಮುದ್ರವನ್ನು ಇಂಗ್ಲಿಷಿನಲ್ಲೇ ಕಲಿಸಲು ಹೊರಟರೆ, ಅಪ್ಪ ಬಲ್ಲದ್ದು ವಿದ್ಯೆಯಲ್ಲ ಎಂದು ಮಗುವಿಗೆ ಎರಡನೆಯ ಸಲ ಹೇಳಿದಂತಾಗುತ್ತದೆ. ಮೇಲೆ ಹೊಗಳಿದ ಸಂಸ್ಥೆಗಳೂ ಈ ಪ್ರಶ್ನೆಯಿಂದ ಪೂರ್ತಿ ಪಾರಾಗಿಲ್ಲ. ಹವಳದ ಬಗ್ಗೆ ಅವರ ಮುಖ್ಯ ಸಂಶೋಧನೆ ಅಚ್ಚಾಗುವುದು ಇಂಗ್ಲಿಷ್ ವಿಜ್ಞಾನ ಪತ್ರಿಕೆಗಳಲ್ಲಿ. ಶೇ. 37 ಶೇ. 19 ಆದದ್ದನ್ನು ಜಗತ್ತು ಓದಬಲ್ಲದು. ಆ ದಿಬ್ಬದ ಬದಿಯಲ್ಲೇ ಬದುಕುವವನಿಗೆ ಯಾರಾದರೂ ಓದಿ ಹೇಳಬೇಕು.

ಹಾಗೆಂದು ದ್ವೀಪಕ್ಕೆ ಇಂಗ್ಲಿಷ್ ಬೇಡ ಎನ್ನುವುದು ಬೇಜವಾಬ್ದಾರಿಯ ಮಾತು. ಗ್ರೇಟ್ ನಿಕೋಬಾರನ್ನೇ ನೋಡಿ. ಬಂದರು, ವಿಮಾನ ನಿಲ್ದಾಣ, ಹೊಸ ನಗರಗಳ ಭಾರಿ ಯೋಜನೆಗೆ 2022ರ ಜನವರಿಯಲ್ಲಿ ಕ್ಯಾಂಪ್‌ಬೆಲ್ ಬೇಯಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು, ನವೆಂಬರಿನಲ್ಲಿ ಪರಿಸರ ಅನುಮತಿ ಸಿಕ್ಕಿತು. ಯೋಜನೆಯ ಬಂದರು ಬರುವುದು ಚರ್ಮಬೆನ್ನಿನ ದೈತ್ಯ ಕಡಲಾಮೆ ಮೊಟ್ಟೆಯಿಡುವ ಗಲಾಥಿಯಾ ಕೊಲ್ಲಿಯಲ್ಲಿ. ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಇಂಥ ಯೋಜನೆಯ ಪರಿಣಾಮ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಉಳಿದ ನೂರಾರು ಪುಟಗಳಿಗೆ ಆ ಕಟ್ಟುಪಾಡಿಲ್ಲ. ಯಾವ ಮರ ಹೋಗುತ್ತದೆ, ಯಾವ ತೀರ ಹೋಗುತ್ತದೆ ಎಂಬ ವಿವರ ಇರುವುದು ಆ ಪುಟಗಳಲ್ಲಿ. ದ್ವೀಪದಲ್ಲಿ ಇಂಗ್ಲಿಷ್ ಮತ್ತು ಪರಿಸರ ನಿಜವಾಗಿ ಕೂಡುವ ಜಾಗ ಇದು. ತನ್ನ ಊರಿನ ಬಗ್ಗೆ ಬರೆದ ವರದಿಯನ್ನು ಓದಿ, ತಪ್ಪು ಹುಡುಕಿ, ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸುವಷ್ಟು ಇಂಗ್ಲಿಷ್ ಹತ್ತನೇ ತರಗತಿಯ ಹುಡುಗಿಗೆ ಬರಬೇಕು. ಪ್ರವಾಸಿಗೆ ಸ್ವಾಗತ ಕೋರುವ ಇಂಗ್ಲಿಷನ್ನು ಅವಳು ತಾನಾಗಿಯೇ ಕಲಿತುಕೊಳ್ಳುತ್ತಾಳೆ.

ಹಾಗಾಗಿ ಪರಿಸರವನ್ನು ಮನೆಮಾತಿನಲ್ಲಿ, ಊರಿನ ಮೀನುಗಾರರನ್ನೇ ಮೇಷ್ಟ್ರಾಗಿಸಿ ಕಲಿಸಬೇಕು. ಇಂಗ್ಲಿಷನ್ನು ಕಚೇರಿಯ ಕಾಗದ ಓದಿಸಿ ಕಲಿಸಬೇಕು. ಇದಕ್ಕೆ ಹತ್ತು ವರ್ಷ ಅಲ್ಲೇ ಉಳಿಯುವ, ಊರಿನ ಮಾತು ಕಲಿಯುವ ಜನ ಬೇಕು. ಒಂದು ವರ್ಷಕ್ಕೆ ಬರುವ ಹುರುಪಿನ ಯುವಕರಿಗೂ ಅಲ್ಲಿ ಜಾಗವುಂಟು, ವಿದ್ಯಾರ್ಥಿಗಳ ಬೆಂಚಿನಲ್ಲಿ. ವೆಲ್ಟ್‌ವೆರ್ಟ್ಸ್ ಕಾಗದದ ಮೇಲೆ ಒಪ್ಪಿಕೊಂಡಿರುವುದನ್ನು ದ್ವೀಪದ ಸಂಸ್ಥೆಗಳು ತರಗತಿಯಲ್ಲೂ ಒಪ್ಪಿಕೊಂಡರೆ ಸಾಕು.